ರೇಸ್ ಹುಡುಗರ ಜೊತೆ ಕೊಡಗು: ಸೈಕಲ್ ತಗೊಂಡು ಹೋಗುವವರಿಗೆ

ರೇಸ್ ಹೊಡೆಯುವ ಗೆಳೆಯರು "ಕೊಡಗಿಗೆ ಸೈಕಲ್ ಹಾಕ್ಕೊಂಡು ಹೋಗೋಣ, ಬರ್ತೀರಾ?" ಅಂತ ಕರೆದರೆ ನಾವು ಮೊದಲು ಕೇಳುವುದು ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ. ಅದು ಅಷ್ಟು ಮುಖ್ಯ ಅಲ್ಲ. ಎಲ್ಲೆಲ್ಲಿ ನಿಲ್ತೀರಿ ಅಂತ ಕೇಳಿ. ಊರಿನ ಹೆಸರು ಹಿಡಿದೇ ಕೇಳಿ. ಅವರ ಪಕ್ಕದಲ್ಲೇ ಸಾಗುತ್ತೇನೆ ಅನ್ನುವ ಆಸೆ ಕೊಡಗಿನ ಮೊದಲ ಏರಿನಲ್ಲೇ ಮುಗಿಯುತ್ತದೆ. ಮುಗಿದರೆ ಮುಗಿಯಲಿ. ನಿಲ್ಲುವ ಜಾಗ ಮೊದಲೇ ಗೊತ್ತಿದ್ದರೆ ಹಿಂದೆ ಬಿದ್ದವರಿಗೆ ಗಾಬರಿಯಿಲ್ಲ, ಮುಂದೆ ಹೋದವರಿಗೆ ಬೇಜಾರಿಲ್ಲ.

ನಮ್ಮ ಜೊತೆ ಇದ್ದದ್ದು ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು. ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದರೆ ಮೊದಲು ನೆನಪಾಗುವುದು ಆ ಕಡೆಯೇ ಅಲ್ವಾ? ಬಯಲುಸೀಮೆಯ ಗಾಳಿಗೆ ಎದೆ ಕೊಟ್ಟು ಬೆಳೆದವರು. ಕೊಡಗಿನಲ್ಲಿ ಬಯಲು ಎಲ್ಲಿಂದ ಬರಬೇಕು! ಆದರೂ ಅವರಿಗೇನೂ ಕಷ್ಟ ಆಗಲಿಲ್ಲ. ಏರು ಶುರುವಾಗುತ್ತಿದ್ದ ಹಾಗೆ ಒಬ್ಬ ಹಿಂದೆ ತಿರುಗಿ, "ಅಣ್ಣಾರ, ನೀವು ನಿಮ್ಮ ಲೆಕ್ಕದಾಗ ಬರ್ರಿ. ನಾವು ಮ್ಯಾಲೆ ನಿಂತಿರ್ತೀವಿ" ಅಂದ. ಹೇಳುವಾಗ ಅವನಿಗೆ ಏದುಸಿರೂ ಇರಲಿಲ್ಲ.

ಸಪಾಟು ರಸ್ತೆಯಲ್ಲಾದರೆ ನಮ್ಮಂಥವರಿಗೂ ಒಂದು ದಾರಿ ಇದೆ. ಮುಂದಿನವನ ಚಕ್ರದ ಹಿಂದೆ ಅಂಟಿಕೊಂಡು ಹೋಗುವುದು. ಗಂಟೆಗೆ 35 ಕಿ.ಮೀ. ವೇಗದಲ್ಲಿ ನಮ್ಮ ಶಕ್ತಿಯ ಬಹುಪಾಲು ಗಾಳಿ ತಳ್ಳುವುದಕ್ಕೇ ಹೋಗುತ್ತದೆ. ಇನ್ನೊಬ್ಬರ ಹಿಂದೆ ಇದ್ದರೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಏರಿನಲ್ಲಿ 12-14ರ ವೇಗಕ್ಕೆ ಇಳಿದಾಗ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಎದುರಾಳಿ ಗಾಳಿಯಲ್ಲ, ನಮ್ಮದೇ ತೂಕ. ಚೆನ್ನಾಗಿ ತಯಾರಾದ ರೇಸರ್ ಅರ್ಧ ಗಂಟೆಯ ಏರಿನಲ್ಲಿ ಮೈತೂಕದ ಪ್ರತಿ ಕಿಲೋಗೆ 5 ವ್ಯಾಟ್‌ಗಿಂತ ಹೆಚ್ಚು ಶಕ್ತಿ ಹಾಕಿ ತುಳಿಯುತ್ತಾನೆ. ವಾರಕ್ಕೆರಡು ಸಲ ಸೈಕಲ್ ಹೊರತೆಗೆಯುವವರಿಗೆ ಎರಡೂವರೆ ಬಂದರೆ ಪುಣ್ಯ. ಮೊದಲ ಕಿಲೋಮೀಟರಿನಲ್ಲಿ ಹಲ್ಲು ಕಚ್ಚಿ ಅವರ ಜೊತೆ ಹೋದರೆ, ಮಿಕ್ಕ ಏರಲ್ಲಿ ಅದಕ್ಕೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಅದಕ್ಕೇ ಮೊದಲ ದಿನ ಕುಶಾಲನಗರದಿಂದ ನೇರ ಮಡಿಕೇರಿ ಹೆದ್ದಾರಿ ಹತ್ತಬೇಡಿ ಅನ್ನುತ್ತೇನೆ. ಸುಂಟಿಕೊಪ್ಪದ ಮೇಲೆ ಸುಮಾರು 30 ಕಿ.ಮೀ. ಅಷ್ಟೇ, ಆದರೆ ಪ್ರವಾಸಿಗಳ ಕಾರು, ಬಸ್ಸು, ಲಾರಿ ಎಲ್ಲ ಅದೇ ರಸ್ತೆಯಲ್ಲಿ. ಅದರ ಬದಲು ಗುಡ್ಡೆಹೊಸೂರಿನಲ್ಲಿ ಎಡಕ್ಕೆ ತಿರುಗಿ ನಂಜರಾಯಪಟ್ಟಣದ ಮೇಲೆ ಸಿದ್ದಾಪುರಕ್ಕೆ ಹೋಗಿ. ಕಾವೇರಿಯ ಬದಿಯ ಸೀಮೆ, ದುಬಾರೆ ಇರುವುದೂ ಈ ದಾರಿಯಲ್ಲೇ. ಸಣ್ಣಪುಟ್ಟ ಏರಿಳಿತ ಇದೆ, ಕಾಲು ಒಡೆಯುವಂಥದ್ದಿಲ್ಲ. ಗುಂಪಿನಲ್ಲಿ ತುಳಿಯುವುದನ್ನು ಕಲಿಯಲು ಕೊಡಗಿನಲ್ಲಿ ಇದಕ್ಕಿಂತ ಒಳ್ಳೆಯ ರಸ್ತೆ ನನಗೆ ಕಂಡಿಲ್ಲ.

ಗುಂಪಿನಲ್ಲಿ ಹೋಗುವಾಗ ಅವರಿಗೆ ನಿಮ್ಮ ವೇಗ ಬೇಕಿಲ್ಲ, ನೀವು ಏನು ಮಾಡುತ್ತೀರಿ ಅಂತ ಮೊದಲೇ ಗೊತ್ತಾದರೆ ಸಾಕು. ಸುಮ್ನೆ ಬ್ರೇಕ್ ಒತ್ತಬಾರದು. ಮುಂದಿನವನ ಹಿಂಚಕ್ರದ ಪಕ್ಕಕ್ಕೆ ನಮ್ಮ ಮುಂಚಕ್ರ ನುಗ್ಗಿಸಬಾರದು. ಅವನು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೂ ಬೀಳುವವರು ನಾವು. ಸೀಟಿನಿಂದ ಎದ್ದು ತುಳಿಯುವಾಗಲೂ ಹುಷಾರು. ಎದ್ದ ಕೂಡಲೇ ಸೈಕಲ್ ಕ್ಷಣಹೊತ್ತು ಹಿಂದಕ್ಕೆ ಜಗ್ಗಿದ ಹಾಗಾಗುತ್ತದೆ, ಹಿಂದಿನವನು ಬಂದು ತಾಗುತ್ತಾನೆ. ನಮ್ಮ ಹುಡುಗರು ಏಳುವ ಮುಂಚೆ ಒಂದು ಪೆಡಲ್ ಜೋರಾಗಿ ಒತ್ತಿ ಆಮೇಲೆ ಏಳುತ್ತಿದ್ದರು. ನೋಡದಿದ್ದರೆ ಕಣ್ಣಿಗೇ ಬೀಳುವುದಿಲ್ಲ, ಅಷ್ಟು ಸಣ್ಣ ಕೆಲಸ. ಗುಂಪಿನ ಮುಂದೆ ಗಾಳಿ ಸೀಳಿಕೊಂಡು ಎಳೆಯುವ ಸರದಿ ಬಂದಾಗ ಮರ್ಯಾದೆ ಉಳಿಸಿಕೊಳ್ಳೋಣ ಅಂತ ವೇಗ ಏರಿಸಬೇಡಿ. ಇದ್ದ ವೇಗದಲ್ಲೇ ಅರ್ಧ ನಿಮಿಷ ಎಳೆದು ಪಕ್ಕಕ್ಕೆ ಸರಿದರೆ ಸಾಕು. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಸಿದ್ದಾಪುರದ ಸುತ್ತ ಒಂದು ವಿಷಯದಲ್ಲಿ ಮಾತ್ರ ರೇಸರ್‌ಗಳ ಮಾತು ಕೇಳಬೇಡಿ. ಐದೂವರೆಗೇ ಹೊರಟುಬಿಡುವುದು ಅವರ ಅಭ್ಯಾಸ. ಬಿಜಾಪುರದ ಬಯಲಿನಲ್ಲಿ ಅದು ಸರಿ. ಇಲ್ಲಿ ಸಿದ್ದಾಪುರ, ಅಭ್ಯತ್‌ಮಂಗಲ, ಚೆಟ್ಟಳ್ಳಿ ಕಡೆ ಕಾಫಿ ತೋಟದೊಳಗೇ ಆನೆ ಇರುತ್ತವೆ. ಬೆಳಗಿನ ಜಾವ, ಸಂಜೆ ಕತ್ತಲಾಗುವ ಹೊತ್ತು ರಸ್ತೆ ದಾಟುತ್ತವೆ. ಸೈಕಲ್ಲಿಗೆ ಸದ್ದಿಲ್ಲ, ಮೇಲಿಂದ ಮಂಜು. ಅದಕ್ಕೂ ನಾವು ಬಂದದ್ದು ಗೊತ್ತಾಗುವುದಿಲ್ಲ, ನಮಗೂ ಅದು ನಿಂತದ್ದು ಕಾಣುವುದಿಲ್ಲ. ಚಹಾ ಅಂಗಡಿಯಲ್ಲಿ ಒಬ್ಬರು ನಮ್ಮ ಬಟ್ಟೆಬರೆ ನೋಡಿ, "ಅಣ್ಣ, ಸ್ವಲ್ಪ ಬಿಸಿಲು ಬರ್ಲಿ, ಆಮೇಲೆ ಹೋಗಿ. ರಾತ್ರಿ ಆ ತಿರುವಲ್ಲೇ ಇದ್ದವು" ಅಂದರು. ಹುಡುಗರು ಕೈಗಡಿಯಾರ ನೋಡಿಕೊಂಡರು. ನಾವು ಇನ್ನೊಂದು ಕಾಫಿ ಹೇಳಿದೆವು. ತೋಟದವರು ನಿಲ್ಲಿ ಅಂದರೆ ನಿಲ್ಲಬೇಕು, ಅಷ್ಟೇ. ಏಳು ಗಂಟೆಯ ಮೇಲೆ ಹೊರಡಿ, ಸಂಜೆ ಐದರೊಳಗೆ ಉಳಿಯುವ ಜಾಗ ಸೇರಿಕೊಳ್ಳಿ.

ತಲಕಾವೇರಿ ದಿನವೇ ನಿಜವಾದ ಪರೀಕ್ಷೆ. ಮಡಿಕೇರಿಯಿಂದ ಅಪ್ಪಂಗಳ, ಬೆಟ್ಟಗೇರಿ, ಚೆಟ್ಟಿಮಾನಿ ದಾಟಿ ಭಾಗಮಂಡಲಕ್ಕೆ ಸುಮಾರು 40 ಕಿ.ಮೀ. ಒಟ್ಟಾರೆ ಇಳಿಜಾರು ಅಂತ ನಕ್ಷೆ ಹೇಳುತ್ತದೆ, ಕಾಲು ಬೇರೆಯೇ ಹೇಳುತ್ತದೆ. ಇಳಿದಷ್ಟೂ ಮತ್ತೆ ಹತ್ತಿಸುವ ರಸ್ತೆ ಅದು. ಭಾಗಮಂಡಲದಲ್ಲಿ ಎಲ್ಲರೂ ಸೇರುವುದು ಅಂತ ಮಾತಾಗಿರಲಿ. ಸಂಗಮ, ದೇವಸ್ಥಾನ ನೋಡಿ, ಬಾಟಲಿಗೆ ನೀರು ತುಂಬಿಸಿ, ಏನಾದರೂ ತಿಂದು ಮುಂದೆ ಹೊರಡಿ.

ಅಲ್ಲಿಂದ ತಲಕಾವೇರಿಗೆ 8 ಕಿ.ಮೀ. ಕ್ಷೇತ್ರ ಇರುವುದು ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದಲ್ಲಿ. ರೇಸರ್‌ಗೆ ಈ ಏರು ಇಪ್ಪತ್ತು ನಿಮಿಷದ ಆಸುಪಾಸು. ನಮಗೆ ಮೂವತ್ತೈದು ಅಂದುಕೊಳ್ಳಿ, ಫೋಟೋಗೆ ನಿಂತರೆ ಇನ್ನೂ ಜಾಸ್ತಿ. ಅಂದರೆ ಅವರು ಮೇಲೆ ಕಾಲು ಗಂಟೆಗೂ ಮೀರಿ ಕಾಯಬೇಕು. ಬೆವರಿದ ಮೈಗೆ ಬ್ರಹ್ಮಗಿರಿಯ ಗಾಳಿ ಹೊಡೆದರೆ ನಡುಕ ಹುಟ್ಟುತ್ತದೆ. ಅವರೆಲ್ಲರ ಬೆನ್ನ ಜೇಬಿನಲ್ಲಿ ತೆಳು ಗಾಳಿಯಂಗಿ ಇತ್ತು. ಹತ್ತುವಾಗ ಯಾರಿಗೂ ಬೇಡ, ಮೇಲೆ ಮುಟ್ಟಿದ ಮರುಕ್ಷಣ ಎಲ್ಲರಿಗೂ ಬೇಕು. ನೀವೂ ಒಂದು ಇಟ್ಟುಕೊಳ್ಳಿ, ಇಳಿಯುವಾಗ ನಿಮಗೇ ಜಾಸ್ತಿ ಬೇಕಾಗುತ್ತದೆ.

ಗೇರಿನ ವಿಷಯದಲ್ಲಿ ಅವರನ್ನು ನಕಲು ಮಾಡಬಾರದು. ಅವರ ಸೈಕಲ್ ನೋಡಿ "ಹಿಂದೆ 28 ಹಲ್ಲು ಸಾಕಂತೆ" ಅಂತ ಹೊರಟರೆ ಕೆಟ್ಟಿರಿ. ಪೆಡಲ್ ಹತ್ತಿರದ ಸಣ್ಣ ಚಕ್ರಕ್ಕೆ 34 ಹಲ್ಲು, ಹಿಂದೆ ದೊಡ್ಡ ಹಲ್ಲುಚಕ್ರ 32 ಅಥವಾ 34 ಹಲ್ಲಿನದಾಗಿರುವ ಕ್ಯಾಸೆಟ್ (ಹಿಂಚಕ್ರದ ಗೇರುಗಳ ಗೊಂಚಲು) ಹಾಕಿಸಿ. ಟೈರು 28 ಮಿ.ಮೀ.ಗಿಂತ ಸಪೂರ ಬೇಡ. ತೋಟದ ರಸ್ತೆಗಳಲ್ಲಿ ಡಾಂಬರು ಎಲ್ಲಿ ಕಿತ್ತಿರುತ್ತದೋ ಹೇಳಲಾಗದು.

ನಾನು ಅವರಿಂದ ಅತಿ ಹೆಚ್ಚು ಕಲಿತದ್ದು ಇಳಿಯುವಾಗ. ಹತ್ತುವುದು ಶ್ವಾಸಕೋಶ, ತೂಕ, ವರ್ಷಗಟ್ಟಲೆಯ ತರಬೇತಿ. ನಾಲ್ಕು ದಿನ ಪಕ್ಕದಲ್ಲಿದ್ದರೆ ಬರುವಂಥದ್ದಲ್ಲ. ಇಳಿಯುವುದು ಹಾಗಲ್ಲ, ನೋಡಿ ಕಲಿಯಬಹುದು. ತಲಕಾವೇರಿಯಿಂದ ಇಳಿಯುವಾಗ ಅವರಲ್ಲಿ ಕಿರಿಯವನು ಬೇಕಂತಲೇ ನಿಧಾನ ಮಾಡಿ ನನ್ನನ್ನು ಹಿಂದೆ ಹಾಕಿಕೊಂಡ. ಕೈ ಹ್ಯಾಂಡಲ್‌ಬಾರಿನ ಕೆಳಭಾಗದಲ್ಲಿ, ಬ್ರೇಕಿನ ಮೇಲೆ ಎರಡೇ ಬೆರಳು. ತಿರುವಿಗೆ ಇನ್ನೂ ಹತ್ತು ಹದಿನೈದು ಮೀಟರ್ ಇರುವಾಗಲೇ ಎರಡೂ ಬ್ರೇಕ್ ಒತ್ತಿ ವೇಗ ಇಳಿಸಿಬಿಡುತ್ತಿದ್ದ. ತಿರುವಿನೊಳಗೆ ಬೆರಳು ಸಡಿಲ. ಹೊರಗಡೆಯ ಕಾಲು ಪೂರ್ತಿ ಕೆಳಗೆ, ಮೈಭಾರವೆಲ್ಲ ಆ ಪೆಡಲ್ಲಿನ ಮೇಲೆ. ಮುಖ ಮಾತ್ರ ಆಗಲೇ ತಿರುವಿನ ಆಚೆಗೆ ತಿರುಗಿರುತ್ತಿತ್ತು. ಕೆಳಗೆ ನಿಂತಾಗ, "ನನ್ನ ಗಾಲಿ ನೋಡಬ್ಯಾಡ್ರಿ ಅಣ್ಣಾರ, ನಾ ಎತ್ತ ನೋಡ್ತೀನಿ ಅತ್ತ ನೋಡ್ರಿ" ಅಂದ.

ಅವರ ವೇಗದಲ್ಲೇ ಇಳಿಯಬೇಕು ಅಂತ ಇದರ ಅರ್ಥ ಅಲ್ಲ. ಕೊಡಗಿನ ನೆರಳಿನ ರಸ್ತೆಗಳಲ್ಲಿ ಬಿಸಿಲುಗಾಲದಲ್ಲೂ ಅಂಚಿಗೆ ಪಾಚಿ ಇರುತ್ತದೆ. ಸಿಲ್ವರ್ ಓಕ್ ಎಲೆ ಬಿದ್ದಿರುತ್ತದೆ, ಬೆಳಿಗ್ಗೆ ಇಬ್ಬನಿಗೆ ಅದೂ ಜಾರುತ್ತದೆ. ತೋಟದ ಗೇಟಿನ ಮುಂದೆ ಟ್ರ್ಯಾಕ್ಟರ್ ಚಕ್ರದ ಕೆಸರು. ಕಾಫಿ ಕುಯ್ಯುವ ಕಾಲದಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಕೆಲಸದವರನ್ನು ತುಂಬಿಕೊಂಡ ಜೀಪುಗಳು ಭರ್ರನೆ ಬರುತ್ತವೆ. ಬಸ್ಸು ತಿರುವಿನಲ್ಲಿ ಇಡೀ ರಸ್ತೆಯನ್ನೇ ತಗೊಳ್ಳುತ್ತದೆ. ನಿಮ್ಮ ಎಡಬದಿ ಬಿಟ್ಟು ಸರಿಯಬೇಡಿ.

ವಾಪಸ್ ಬರುವಾಗ ಅದೇ ರಸ್ತೆ ಬೇಡ ಅನಿಸಿದರೆ ಅಯ್ಯಂಗೇರಿ ಕಡೆಯಿಂದ ನಾಪೋಕ್ಲು, ಮೂರ್ನಾಡು ಮೇಲೆ ಬರಬಹುದು. ಚೆಂದದ ದಾರಿ, ಗದ್ದೆ ಬಯಲು ಸಿಗುತ್ತದೆ, ಗಾಡಿ ಕಮ್ಮಿ. ಫೋನ್ ಸಿಗ್ನಲ್ ಅಲ್ಲಲ್ಲಿ ಕೈಕೊಡುತ್ತದೆ, ಹಾಗಾಗಿ ನಕ್ಷೆ ಮೊದಲೇ ಇಳಿಸಿಕೊಳ್ಳಿ. ಇಲ್ಲೊಂದು ಲೆಕ್ಕ ಇದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ನೀವು ಯಾವ ಕಡೆಯಿಂದ ಬಂದರೂ ಕೊನೆಗೊಂದು ಏರು ಇದ್ದೇ ಇದೆ, ಅದೂ ಸುಸ್ತಾದ ಹೊತ್ತಿನಲ್ಲಿ. ಮೂರ್ನಾಡು ಅಥವಾ ನಾಪೋಕ್ಲು ಕಡೆ ಹೋಂಸ್ಟೇ ಸಿಕ್ಕರೆ ಅಲ್ಲೇ ಉಳಿಯಿರಿ. ಮಡಿಕೇರಿ ಪೇಟೆಗಿಂತ ಊಟವೂ ಚೆನ್ನಾಗಿರುತ್ತದೆ.

ಊಟದ ವಿಷಯ ಹೋಂಸ್ಟೇಯವರಿಗೆ ಮೊದಲೇ ಹೇಳಿ. ಈ ಹುಡುಗರು ತಿನ್ನುವುದನ್ನು ನೋಡಿ ನಮ್ಮ ಹೋಂಸ್ಟೇ ಅಕ್ಕ ಮೊದಲು ನಕ್ಕರು, ಆಮೇಲೆ ಒಳಗೆ ಹೋಗಿ ಇನ್ನೊಂದು ಪಾತ್ರೆ ಅಕ್ಕಿ ಇಟ್ಟರು. ಹೋಂಸ್ಟೇಗಳಲ್ಲಿ ತಿಂಡಿ ಆಗುವುದು ಎಂಟೂವರೆ ಮೇಲೆ. ಬೇಗ ಬೇಕಾದರೆ ಹಿಂದಿನ ರಾತ್ರಿಯೇ ಕೇಳಿಕೊಳ್ಳಬೇಕು. ಹೊರಡುವ ಮುಂಚೆ ಕಡಂಬುಟ್ಟು (ಅಕ್ಕಿ ತರಿಯ ಕಡುಬು), ನೂಲುಪುಟ್ಟು (ಅಕ್ಕಿ ಶಾವಿಗೆ), ಅಕ್ಕಿ ರೊಟ್ಟಿ ಒಳ್ಳೆಯದು. ಪಂದಿ ಕರಿ ರಾತ್ರಿಗಿರಲಿ. ಬೆಳಿಗ್ಗೆ ಅದನ್ನು ತಿಂದು ಏರು ಹತ್ತಿದರೆ ಅದೂ ಮೇಲಕ್ಕೆ ಹತ್ತುತ್ತದೆ.

ದಾರಿಯಲ್ಲಿ ತಿನ್ನುವುದನ್ನೂ ಅವರಿಂದಲೇ ಕಲಿಯಬೇಕು. ದುಬಾರಿ ಜೆಲ್ ಪೊಟ್ಟಣ ಇರುತ್ತವೆ ಅಂದುಕೊಂಡಿದ್ದೆ. ಹೊರಬಂದದ್ದು ಶೇಂಗಾ ಹೋಳಿಗೆ. ಮನೆಯಿಂದ ಕಟ್ಟಿಕೊಟ್ಟದ್ದು, ಕಾಗದದಲ್ಲಿ ಸುತ್ತಿ ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿದ್ದರು. ಅರ್ಧ ಗಂಟೆಗೊಂದು ತುಂಡು, ಹಸಿವಾಗಲಿ ಬಿಡಲಿ. ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ಲೆಕ್ಕ. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳುತ್ತಿದ್ದರೆ ಉದ್ದದ ದಿನವನ್ನೂ ದಾಟಬಹುದು. ಹೋಳಿಗೆ ಇಲ್ಲದಿದ್ದರೆ ಬಾಳೆಹಣ್ಣು, ಚಿಕ್ಕಿ, ಬೆಲ್ಲದ ಕಾಫಿ ಎಲ್ಲವೂ ಕೊಡಗಿನ ಸಣ್ಣ ಪೇಟೆಗಳಲ್ಲಿ ಸಿಗುತ್ತವೆ.

ಒಂದು ದಿನ ಅವರನ್ನು ಅವರ ಪಾಡಿಗೆ ಬಿಟ್ಟುಬಿಡಿ. ಅವರಿಗೆ ಸಂಪಾಜೆ ಘಾಟಿ ಬೇಕಿರುತ್ತದೆ. ಮಡಿಕೇರಿಯಿಂದ ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆಗೆ ಇಳಿದರೆ ಹೆಚ್ಚುಕಡಿಮೆ ಸಾವಿರ ಮೀಟರ್ ಕೆಳಗೆ ಬಂದಿರುತ್ತೇವೆ. ತಿರುಗಿ ಅಷ್ಟನ್ನೂ ಹತ್ತಬೇಕು. ಮಂಗಳೂರು ಹೆದ್ದಾರಿ, ಲಾರಿ ಸಾಲು, ಹೊಗೆ. ವಾಪಸ್ ಕರೆತರಲು ಗಾಡಿ ಇಲ್ಲದಿದ್ದರೆ ಆ ಇಳಿಜಾರಿನ ಆಸೆಗೆ ಬೀಳಬೇಡಿ. ಮಳೆಗಾಲದಲ್ಲಂತೂ ಅತ್ತ ಸೈಕಲ್ ಒಯ್ಯುವ ಮಾತೇ ಬೇಡ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದು ಇದೇ ಜೋಡುಪಾಲ, ಮದೆನಾಡು ಸುತ್ತ.

ಇಂಥ ಗಟ್ಟಿ ದಿನದ ಮರುದಿನ ಅವರು ಹೊಡೆಯುವ ಸವಾರಿಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ದಣಿವಾರಿಸಿಕೊಳ್ಳುವ ದಿನ ಅವರು ನಿಜಕ್ಕೂ ನಿಧಾನ ಹೋಗುತ್ತಾರೆ, ನಮಗಿಂತಲೂ ನಿಧಾನ. ನಾವು ಹವ್ಯಾಸಿಗಳು ಎಲ್ಲ ದಿನವೂ ಅರೆಬರೆ ಜೋರಿನಲ್ಲೇ ತುಳಿಯುತ್ತೇವೆ. ಅವರು ಜೋರು ಅಂದರೆ ಪೂರ್ತಿ ಜೋರು, ಆರಾಮ ಅಂದರೆ ಪೂರ್ತಿ ಆರಾಮ. ಪಕ್ಕಪಕ್ಕದಲ್ಲಿ ಮಾತಾಡುತ್ತಾ ಹೋಗಲು ಸಿಗುವುದು ಆ ದಿನವೇ. ಹಾಸ್ಟೆಲ್ಲಿನ ಕತೆ, ಸಾಲ ಮಾಡಿ ಕೊಂಡ ಮೊದಲ ಸೈಕಲ್, ರೇಸಿನಲ್ಲಿ ಬಿದ್ದು ಮುರಿದುಕೊಂಡ ಮೂಳೆ, ಎಲ್ಲ ಹೊರಬಂದದ್ದು ಆಗಲೇ.

ಹೋಗುವ ಕಾಲ ನವೆಂಬರಿನಿಂದ ಫೆಬ್ರವರಿ. ಮಾರ್ಚಿನಲ್ಲಿ ಹೂಮಳೆ ಬಿದ್ದರೆ ಕಾಫಿ ಹೂವಿನ ಘಮ ಸಿಗುತ್ತದೆ, ಆದರೆ ಮಧ್ಯಾಹ್ನ ಬಿಸಿಲು ಜಾಸ್ತಿ. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಭಾರೀ ಜನ, ಆಗ ಸೈಕಲ್ ಬೇಡ.

ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಗಾಡಿ ಮಾಡಬಹುದು, ಇಲ್ಲವೇ ಬಸ್ಸಿನ ಡಿಕ್ಕಿ. ಡಿಕ್ಕಿಯಾದರೆ ಎರಡೂ ಚಕ್ರ ಬಿಚ್ಚಿ, ಡಿರೈಲರ್ (ಗೇರು ಬದಲಿಸುವ ಭಾಗ) ಇರುವ ಬದಿ ಮೇಲಕ್ಕೆ ಬರುವಂತೆ ಮಲಗಿಸಿ, ನೀವೇ ನಿಂತು ಇಡಿಸಿ. ನಮ್ಮಲ್ಲೊಬ್ಬರ ಸೈಕಲ್ ಮೇಲೆ ಯಾರದೋ ಟ್ರಂಕು ಕೂತು ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗಿತ್ತು. ಬೆರಳುದ್ದದ ಆ ತುಂಡಿಗಾಗಿ ಒಂದು ದಿನವೇ ಹೋಗುತ್ತಿತ್ತು, ಹುಡುಗರ ಚೀಲದಲ್ಲಿ ಹೊಂದುವುದೊಂದು ಸಿಕ್ಕಿದ್ದಕ್ಕೆ ಬಚಾವಾದೆವು. ನಿಮ್ಮ ಸೈಕಲ್ಲಿನ ಹ್ಯಾಂಗರ್, ಎರಡು ಟ್ಯೂಬ್, ಚೈನ್ ಲಿಂಕ್, ಬ್ರೇಕ್ ಪ್ಯಾಡ್ ಊರಿನಿಂದಲೇ ತನ್ನಿ. ರೋಡ್ ಬೈಕಿನ ಸಾಮಾನು ಬೇಕೆಂದರೆ ಮೈಸೂರಿಗೇ ಓಡಬೇಕಾದೀತು. ಭಾನುವಾರ ಮಧ್ಯಾಹ್ನದ ಮೇಲೆ ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ರಸ್ತೆ ಬೆಂಗಳೂರಿಗೆ ಮರಳುವ ಕಾರುಗಳಿಂದ ತುಂಬಿಹೋಗುತ್ತದೆ. ವಾಪಸ್ ಹೋಗುವ ದಿನ ಅದೇ ಆದರೆ ಬೆಳಿಗ್ಗೆ ಮಂಜು ಕರಗಿದ ಕೂಡಲೇ ಇಳಿದುಬಿಡಿ.