ಅವನಿಗೇನಾಗಿದೆ?

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಅವನಿಗೇನಾಗಿದೆ, ಗಟ್ಟಿಮುಟ್ಟಾಗಿದ್ದಾನೆ."

ಮಕ್ಕಳಾಗಿಲ್ಲ ಅಂತ ನಾದಿನಿಯನ್ನು ಹೆಂಗಸರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆವು. ಅವಳ ಅತ್ತೆ ಅಡುಗೆಮನೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಿದ್ದರು. ಹಾಲಿನ ಲೆಕ್ಕ ಪೆನ್ಸಿಲ್‌ನಲ್ಲಿ, ಸೊಸೆಯ ಮುಟ್ಟಿನ ದಿನಗಳು ಕೆಂಪು ಪೆನ್ನಿನಲ್ಲಿ. ಜನವರಿಯಲ್ಲಿ ಒಂದು ಗುರುತು, ಆಮೇಲೆ ಮಾರ್ಚ್ ಮಧ್ಯದಲ್ಲಿ ಇನ್ನೊಂದು. ಮನೆಗೆ ಬಂದವರೆಲ್ಲ ನೋಡುವ ಗೋಡೆ ಅದು. ಹುಡುಗಿಗೆ ಹೇಗಾಗಿರಬೇಡ!

ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. 21ರಿಂದ 35 ದಿನದೊಳಗೆ ಮುಟ್ಟಾದರೆ ಸರಿ. ಇವಳಿಗೆ ಅದು ದಾಟುತ್ತದೆ. ಪಿಸಿಓಎಸ್ ಅನ್ನುವ ಹಾರ್ಮೋನ್ ಏರುಪೇರಿನ ತೊಂದರೆ ಇದ್ದರೆ ಅಂಡಾಶಯದಲ್ಲಿ ಮೊಟ್ಟೆ ಅರ್ಧಕ್ಕೇ ಬೆಳೆದು ನಿಲ್ಲುತ್ತದೆ. ಕೆಲವು ತಿಂಗಳು ಬಿಡುಗಡೆಯೇ ಆಗುವುದಿಲ್ಲ. ಬಿಡುಗಡೆ ಆದರೂ ಯಾವ ದಿನ ಅಂತ ಗೊತ್ತಾಗುವುದಿಲ್ಲ, ಆ ಮೊಟ್ಟೆ ಬದುಕುವುದೇ ಹೆಚ್ಚೆಂದರೆ ಒಂದು ದಿನ. 14ನೇ ದಿನ ಮೊಟ್ಟೆ ಬಿಡುಗಡೆ ಅನ್ನುವ ಲೆಕ್ಕ 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನ್‌ಗಳನ್ನು ಕೂಡ ನೋಡಬೇಕು ಎಂದರು.

"ಮಕ್ಕಳಾಗಲ್ಲ ಅಂತಲ್ಲಮ್ಮ. ಮೊಟ್ಟೆ ಬಿಡುಗಡೆಗೆ ಲೆಟ್ರೋಜೋಲ್ ಅಂತ ಮಾತ್ರೆ ಇದೆ. ತೂಕ ಜಾಸ್ತಿ ಇದ್ರೆ ನೂರಕ್ಕೆ ಐದರಷ್ಟು ಇಳಿದ್ರೂ ಎಷ್ಟೋ ಜನಕ್ಕೆ ತಿಂಗಳು ತಾನೇ ಸರಿಹೋಗುತ್ತೆ."

ಈ ಹಿಂದೆ ಬೇರೆ ಕಡೆ ಮುಟ್ಟು ಬರಿಸುವ ಮಾತ್ರೆ ಕೊಟ್ಟಿದ್ದರು. ನುಂಗಿದ ಮೇಲೆ ಆಗುತ್ತಿತ್ತು, ಮನೆಯವರು ಎಲ್ಲ ಸರಿಹೋಯಿತು ಅಂದುಕೊಂಡಿದ್ದರು. ಮಾತ್ರೆ ನಿಲ್ಲಿಸಿದಾಗ ಬರುವ ಆ ರಕ್ತಸ್ರಾವದಿಂದ ಮೊಟ್ಟೆ ಬಿಡುಗಡೆಯಾಗಿದೆ ಅಂತ ಹೇಳಕ್ಕಾಗಲ್ಲವಂತೆ. ಇದನ್ನು ಆಗಲೇ ಯಾರಾದರೂ ಬಿಡಿಸಿ ಹೇಳಬೇಕಿತ್ತು ಅಲ್ವಾ?

ಆಮೇಲೆ ಡಾಕ್ಟರಮ್ಮ ಫೈಲ್ ತಿರುವಿ ಕೇಳಿದರು, "ಗಂಡನ ರಿಪೋರ್ಟ್ ಎಲ್ಲಿ?"

ಅತ್ತೆ ತಟ್ಟನೆ ಹೇಳಿದರು, "ಅವನಿಗೇನಾಗಿದೆ, ಗಟ್ಟಿಮುಟ್ಟಾಗಿದ್ದಾನೆ."

ನಾದಿನಿ ತಲೆ ಎತ್ತಲೇ ಇಲ್ಲ. ಅವಳ ಫೈಲ್‌ನಲ್ಲಿ ಸ್ಕ್ಯಾನು, ರಕ್ತ ಪರೀಕ್ಷೆ, ಮತ್ತೆ ಸ್ಕ್ಯಾನು. ಗಂಡನ ಹೆಸರಲ್ಲಿ ಒಂದು ಚೀಟಿಯೂ ಇರಲಿಲ್ಲ. ಮಕ್ಕಳಾಗದ ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿ ಕೂಡ ಚುಚ್ಚುವುದಿಲ್ಲ. ಮೈಕಟ್ಟು ನೋಡಿ ಅದನ್ನು ಹೇಳುವುದಕ್ಕಾಗುತ್ತದಾ?

ಆ ಅತ್ತೆ ಕೆಟ್ಟವರಲ್ಲ. ಸೊಸೆಗೆ ಅಂತ ದಿನಾ ಮೆಂತ್ಯ ನೆನೆಸಿಡುತ್ತಾರೆ. ನನಗೆ ಸಿಟ್ಟು ಬಂದಿದ್ದು ಮಗನ ಮೇಲೆ. ಅಷ್ಟು ಹೊತ್ತೂ ಕೆಳಗೆ ಮೆಡಿಕಲ್ ಶಾಪ್ ಮುಂದೆ ಬೈಕ್ ಮೇಲೆ ಕೂತಿದ್ದರು. ನಾದಿನಿ ಸುಮ್ನೆ ಹೋಗಿ ವೀರ್ಯ ಪರೀಕ್ಷೆಗೆ ಡಾಕ್ಟರ್ ಬರೆದ ಚೀಟಿ ಅವರ ಕೈಗಿಟ್ಟಳು. ಓದಿ, "ಇದನ್ನ ಮೊದಲೇ ಹೇಳಬಾರದಿತ್ತಾ?" ಅಂದರು. ಎರಡು ವರ್ಷದಿಂದ ಹೆಂಡತಿಯನ್ನು ಗೇಟಿನವರೆಗೆ ಬಿಟ್ಟು ಹೋಗುತ್ತಿದ್ದವರಿಗೆ ಯಾರು ಹೇಳಬೇಕಿತ್ತು? ಒಳಗೆ ಬಂದು ಕೂತಿದ್ದರೆ ಡಾಕ್ಟರೇ ಹೇಳುತ್ತಿದ್ದರು.

ಶುಕ್ರವಾರ ಲ್ಯಾಬ್‌ಗೆ ಹೋಗಿ ಬಂದರಂತೆ. ಮುಂದಿನ ಸ್ಕ್ಯಾನ್‌ಗೆ ರಜೆ ಹಾಕಿ ತಾವೂ ಒಳಗೆ ಬರುತ್ತಾರಂತೆ. ಅವರಮ್ಮನಿಗೆ ನನ್ನ ಮೇಲೆ ಬೇಸರ. ಇರಲಿ.