ನಾಟಕ ಮುಗಿದ ಮೇಲೆ ಇದೆಲ್ಲಾ ಎಲ್ಲಿಗೆ ಹೋಗುತ್ತೆ?

ಬೆಂಗಳೂರಿನ ಒಂದು ಸಣ್ಣ ರಂಗತಂಡದಲ್ಲಿ ರಂಗಸಜ್ಜಿಕೆ ನನ್ನ ಕೆಲಸ. ಪೌರಕಾರ್ಮಿಕ ಹೆಂಗಸರ ಜೊತೆ ಸೇರಿ ಒಂದು ಪ್ರಯೋಗ ಕಟ್ಟಲು ಹೊರಟಿದ್ದೆವು. ಸ್ಕ್ರಿಪ್ಟ್ ಇರಲಿಲ್ಲ. ಅವರ ಮಾತಿನಿಂದ, ದುಡಿದು ಪಳಗಿದ ಅವರ ಕೈಗಳಿಂದಲೇ ನಾಟಕ ಹುಟ್ಟಬೇಕು ಅಂತ ಆಸೆ.

ಈ ಯೋಚನೆ ಕೊಟ್ಟಿದ್ದು ನ್ಯೂಯಾರ್ಕ್‌ನ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್. ಮಗುವಾದ ಮೇಲೆ, 1969ರಲ್ಲಿ, ಗುಡಿಸುವುದು, ತೊಳೆಯುವುದು, ಮಗು ನೋಡಿಕೊಳ್ಳುವುದು ಕೂಡ ಕಲೆ ಅಂತ ಅವರೊಂದು ಪ್ರಣಾಳಿಕೆ ಬರೆದರು. ಮುಂದೆ 1979–80ರಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ಊರೆಲ್ಲಾ ಸುತ್ತಿ, ಸುಮಾರು 8,500 ಕಸದ ಕೆಲಸಗಾರರ ಕೈ ಕುಲುಕಿದರು. ಊರನ್ನು ಜೀವಂತ ಇಟ್ಟಿದ್ದಕ್ಕೆ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಿದರು. ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ ಹೇಳಿದರು.

ಇಷ್ಟೆಲ್ಲಾ ಓದಿಯೂ ನಾವು ರಿಹರ್ಸಲ್ ಇಟ್ಟಿದ್ದು ಸಂಜೆ 6ಕ್ಕೆ, ನಮ್ಮ ಹಾಲ್‌ನಲ್ಲಿ. ಬಂದವರು ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಹೋಗದೆ ಏನು? ಬೆಳಗ್ಗೆ 6.30ಕ್ಕೆ ಹಾಜರಿ ಹಾಕಿಸಲು ಮಸ್ಟರಿಂಗ್‌ಗೆ ನಿಲ್ಲಬೇಕು ಅಂದರೆ 4ಕ್ಕೇ ಎದ್ದು ಅಡುಗೆ ಮುಗಿಸಿರುತ್ತಾರೆ. ಎರಡನೇ ವಾರ ಎಲ್ಲಾ ಬದಲಾಯಿಸಿದೆವು. ಮಧ್ಯಾಹ್ನ 3ಕ್ಕೆ, ಅವರ ಮಸ್ಟರಿಂಗ್ ಜಾಗದ ಪಕ್ಕದ ರೂಮಿನಲ್ಲಿ. ಮೊದಲು ಊಟ. ಮಕ್ಕಳನ್ನು ನೋಡಿಕೊಳ್ಳಲು ನಮ್ಮಲ್ಲಿ ಒಬ್ಬರು. ರಿಹರ್ಸಲ್ ದಿನಗಳಿಗೂ ಕೂಲಿ. ಈ ದುಡ್ಡೆಲ್ಲಾ ಬಂದಿದ್ದು ಲೈಟಿನ ಬಜೆಟ್ಟಿನಿಂದ. ಈಗ ಯಾವ ಪ್ರಯೋಗಕ್ಕಾದರೂ ಊಟ, ಕೂಲಿ ಮೊದಲು ಬರೆದು, ಉಳಿದಿದ್ದರಲ್ಲಿ ಲೈಟು, ಸೆಟ್ಟು ಲೆಕ್ಕ ಹಾಕುತ್ತೇನೆ.

ನನಗೆ ಜಾಸ್ತಿ ತಟ್ಟಿದ್ದು ಬೇರೆ. ಥರ್ಮಾಕೋಲ್ ಕೊರೆದು, ಅಂಟಿಸಿ, ಬಣ್ಣ ಹೊಡೆದು ಕಸದ ಗುಡ್ಡ ಮಾಡುತ್ತಿದ್ದೆ. ನಾಲ್ಕು ದಿನದ ಕೆಲಸ, ಚೆನ್ನಾಗಿಯೇ ಬಂದಿತ್ತು. ಗುಂಪಿನಲ್ಲಿ ಹಿರಿಯಕ್ಕ ಒಬ್ಬರು ಅದನ್ನು ಬೆರಳಲ್ಲಿ ಒತ್ತಿ ನೋಡಿದರು.

“ಮೇಡಂ, ನಾಟಕ ಮುಗಿದ ಮೇಲೆ ಇದೆಲ್ಲಾ ಎಲ್ಲಿಗೆ ಹೋಗುತ್ತೆ?”

“ಕಸದ ಆಟೋಗೆ ಹಾಕ್ತೀವಿ ಅಕ್ಕ.”

“ಅಂದ್ರೆ ನಮ್ ಕೈಗೇ ಅಲ್ವಾ? ಬಣ್ಣ ಬಳಿದಿದ್ದನ್ನ ಒಣ ಕಸದೋರು ತಗೊಳ್ಳಲ್ಲ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೋಪದಿಂದ ಹೇಳಿರಲಿಲ್ಲ, ಸುಮ್ನೆ ಗೊತ್ತಿದ್ದನ್ನು ಹೇಳಿದ್ದರು. ಥರ್ಮಾಕೋಲ್ ಮಣ್ಣಲ್ಲಿ ಕೊಳೆಯಲ್ಲ, ಮುರಿದರೆ ಬಿಳಿ ಕಾಳಾಗಿ ಗಾಳಿಗೆ ಹಾರುತ್ತೆ. ಒಂದೊಂದು ಕಾಳನ್ನೂ ಗುಡಿಸುವವರು ಎದುರಿಗೇ ನಿಂತಿದ್ದರು.

ಗುಡ್ಡ ಕೈಬಿಟ್ಟೆವು. ಹಾಗಾದರೆ ರಂಗದ ಮೇಲೆ ಏನಿರಬೇಕು ಅಂತ ಅವರನ್ನೇ ಕೇಳಿದೆವು. ಆ ಅಕ್ಕ ಮಾತಾಡಲಿಲ್ಲ. ಕಡ್ಡಿಪೊರಕೆ ಎತ್ತಿಕೊಂಡು ತಲೆಕೆಳಗು ಮಾಡಿ, ಬುಡವನ್ನು ನೆಲಕ್ಕೆ ಕುಟ್ಟಿದರು. ಟಕ್, ಟಕ್, ಟಕ್. ಸಡಿಲವಾದ ಕಡ್ಡಿಗಳೆಲ್ಲಾ ಸಮ ಆದವು. ಗುಡಿಸುವ ಮುಂಚೆ ದಿನಾ ಮಾಡುವ ಕೆಲಸ. ಉಳಿದವರೂ ತಮ್ಮ ತಮ್ಮ ಪೊರಕೆ ಕುಟ್ಟಲು ಶುರು ಮಾಡಿದರು. ಹನ್ನೊಂದು ಪೊರಕೆ, ಒಂದೇ ತಾಳ. ಡೋಲು ಬಾಡಿಗೆಗೆ ತರುವ ಮಾತು ಅಲ್ಲಿಗೇ ನಿಂತಿತು.

ಕೊನೆಗೆ ರಂಗದ ಮೇಲೆ ಇದ್ದಿದ್ದು ಹನ್ನೊಂದು ಪೊರಕೆ, ಎರವಲು ತಂದ ಗೋಣಿಚೀಲ, ಒಂದು ತಳ್ಳುಗಾಡಿ. ಪ್ರದರ್ಶನ ಆದ ರಾತ್ರಿ ಹಾಲ್ ಖಾಲಿ ಮಾಡುವಾಗ ನಮ್ಮದು ಅಂತ ಉಳಿದ ಕಸ ಒಂದು ಸಣ್ಣ ಚೀಲ. ಟೇಪು, ದಾರ, ಒಂದಷ್ಟು ಪೇಪರ್ ಲೋಟ. ಅಕ್ಕ ಅದನ್ನು ಎತ್ತಿ ತೂಕ ನೋಡಿದರು. ಆಮೇಲೆ ಚೀಲದ ಬಾಯಿ ಬಿಚ್ಚಿ ಲೋಟಗಳನ್ನು ತೋರಿಸಿ ಅಂದರು: “ಮುಂದಿನ ಸಲ ಸ್ಟೀಲ್ ಲೋಟ ತರಿಸಿ. ತೊಳೆಯೋಕೆ ನಿಮ್ಮ ಹುಡುಗರಿಗೆ ಹೇಳಿ.”