"ಕರಡಿ ಬಂದ್ರ ಏನ್ ಮಾಡ್ತೀರಿ?" ಒಂದೇ ಸಲ ಬರೆದು ಮುಗಿಸುತ್ತೇನೆ

ನನ್ನ ಮನೆ ಧಾರವಾಡದಲ್ಲಿ. ವಾರವಿಡೀ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ರಜೆ ಸಿಕ್ಕರೆ ಒಂದಿಷ್ಟು ಮಂದಿಯನ್ನು ಕಟ್ಟಿಕೊಂಡು ಗುಡ್ಡ, ಕಾಡು ಅಂತ ತಿರುಗುತ್ತೇನೆ. ಕಲಘಟಗಿ ಆಚೆಯ ಕಾಡು, ಹಳಿಯಾಳ, ದಾಂಡೇಲಿ, ಜೋಯಿಡಾ, ಮಳೆಗಾಲ ಮುಗಿದ ಮೇಲೆ ಗದಗಿನ ಕಪ್ಪತಗುಡ್ಡ. ಇಷ್ಟು ಗೊತ್ತಾದರೆ ಸಾಕು, ಎದುರಿಗಿದ್ದವರಿಂದ ಒಂದೇ ಪ್ರಶ್ನೆ. "ಕರಡಿ ಬಂದ್ರ ಏನ್ ಮಾಡ್ತೀರಿ?" ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಚಿಗರಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ ಕೇಳುತ್ತಾರೆ. ಪಾಲಕರ ಸಭೆಗೆ ಬಂದವರು ಮಗನ ಮಾರ್ಕ್ಸ್ ಬಿಟ್ಟು ಇದನ್ನೇ ಕೇಳುತ್ತಾರೆ. ಕಪ್ಪತಗುಡ್ಡಕ್ಕೆ ಹೊರಟರೂ ಕರಡಿಯೇ. ಅಲ್ಲಿರುವ ತೋಳ, ಕತ್ತೆಕಿರುಬ, ಚಿರತೆಗಳಿಗೆ ಪಾಪ, ಯಾವ ಮರ್ಯಾದೆಯೂ ಇಲ್ಲ.

ಹೆಂಗಸು ಅಂತ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ, "ಮನ್ಯಾಗ ಏನೂ ಅನ್ನೂದಿಲ್ಲೇನ್ರಿ?" ಅದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಕರಡಿಯ ಪ್ರಶ್ನೆಗೆ ಮಾತ್ರ ಇವತ್ತು ಬರೆದುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ, ಬಾಯಿ ನೋವು ತಪ್ಪುತ್ತದೆ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ. ಕೇಳುವವರ ಹತ್ತಿರ ಉತ್ತರ ಮೊದಲೇ ಇರುತ್ತದೆ, ಅದಕ್ಕೆ. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳುತ್ತಾರೆ. ಸತ್ತ ಹಾಗೆ ಮಲಗಬೇಕು, ಮರ ಹತ್ತಬೇಕು, ಇಳಿಜಾರಿನಲ್ಲಿ ಓಡಬೇಕು, ಆಗ ಅದರ ಕೂದಲು ಕಣ್ಣಿಗೆ ಬಿದ್ದು ದಾರಿ ಕಾಣುವುದಿಲ್ಲ. ಎಲ್ಲರೂ ಕರಡಿ ಪಂಡಿತರೇ. ಹಾಗಿದ್ದರೆ ನನ್ನನ್ನು ಯಾಕ್ರೀ ಕೇಳುತ್ತೀರಿ?

ಗದಗಿನಲ್ಲಿ ಒಂದು ಮದುವೆ. ಗೋಧಿ ಹುಗ್ಗಿಯ ಊಟ ಮುಗಿದಿತ್ತು. ಗಂಡಸರು ಜಮಖಾನೆ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಯಾರೋ ಎಂದಿನ ಪ್ರಶ್ನೆ ಕೇಳಿದರು. ನಮ್ಮ ಸೋದರಮಾವ ಉತ್ತರ ತಾವೇ ವಹಿಸಿಕೊಂಡರು. ಸಣ್ಣವರಿದ್ದಾಗ ಓಣಿಗೆ ಬರುತ್ತಿದ್ದ ಕರಡಿ ಆಡಿಸುವವರ ಕರಡಿಯ ಮೇಲೆ ಕೂತಿದ್ದರಂತೆ. ಅದರ ಕೂದಲಿನ ತಾಯಿತವನ್ನೂ ಕಟ್ಟಿಸಿಕೊಂಡಿದ್ದರಂತೆ. ಮೂಗಿಗೆ ಹಗ್ಗ ಪೋಣಿಸಿ, ಹಲ್ಲು ಕಿತ್ತ ಆ ಪ್ರಾಣಿಯ ಮೇಲೆ ಕೂತಿದ್ದೇ ಅವರ ಡಿಗ್ರಿ. "ಮಂದಿ ಸುಳ್ಳ ಹೆದರ್ತಾರ. ಉಸಿರು ಹಿಡದು ಸತ್ತಂಗ ಬಿದ್ರ ಆತು. ಮೂಸಿ ನೋಡ್ತೈತಿ, ಹೋಗ್ತೈತಿ" ಅಂದರು. ಶಾಲೆಯಲ್ಲಿ ಓದಿದ ಇಬ್ಬರು ಗೆಳೆಯರ ಕಥೆ ಇದೆಯಲ್ಲ, ಒಬ್ಬ ಮರ ಹತ್ತುತ್ತಾನೆ, ಇನ್ನೊಬ್ಬ ಸತ್ತ ಹಾಗೆ ಬೀಳುತ್ತಾನೆ, ಅದರ ಪ್ರಭಾವ. ಅಷ್ಟಕ್ಕೇ ಬಿಡಲಿಲ್ಲ. ಎಲ್ಲರೂ ಬೇಡ ಬೇಡ ಅನ್ನುವಷ್ಟರಲ್ಲಿ ಜಮಖಾನೆ ಮೇಲೆ ಅಂಗಾತ ಮಲಗಿ, ಕೈಕಾಲು ಚಾಚಿ, ಕಣ್ಣು ಮುಚ್ಚಿ ತೋರಿಸಿಯೇ ಬಿಟ್ಟರು.

ಅವರ ಮೊಮ್ಮಗ ಅಲ್ಲೇ ಆಡುತ್ತಿದ್ದ. ಅಜ್ಜ ಮಲಗಿದ್ದು ತನಗೇ ಅಂದುಕೊಂಡು ಹೊಟ್ಟೆ ಮೇಲೆ ಹತ್ತಿ ಕೂತ. ಮೀಸೆ ಹಿಡಿದು ಎಳೆದ. ಕಣ್ಣಿಗೆ ಬೆರಳು ಹಾಕಿದ. ಮಾಮಾ ಒಂದು ಕಣ್ಣು ತೆರೆದರು.

"ಮಾಮಾ, ಈಗ ಇವನ ಉಗುರು ಮೂರು ನಾಕು ಇಂಚು ಅದಾವು ಅಂತ ತಿಳ್ಕೋರಿ" ಅಂದೆ. "ಡಬ್ಬ ಮಲ್ಕೋರಿ."

"ಯವ್ವಾ, ಹುಗ್ಗಿ ಉಂಡೇನಿ. ಡಬ್ಬ ಹೆಂಗ ಮಲಗಲಿ?"

ಜನ ನಕ್ಕರು, ಮಾತು ಬೇರೆ ಕಡೆ ಹೋಯಿತು. ನಾನು ಹೇಳಬೇಕಾಗಿದ್ದು ಅಲ್ಲೇ ಉಳಿಯಿತು. ಅದನ್ನು ಈಗ ಹೇಳುತ್ತೇನೆ.

ನಮ್ಮ ಕರಡಿ ಮೈಮೇಲೆ ಬಿದ್ದರೆ ಮೊದಲು ಪೆಟ್ಟು ಬೀಳುವುದು ಸಾಮಾನ್ಯವಾಗಿ ಮುಖಕ್ಕೆ, ತಲೆಗೆ. ಎದುರಿಗೆ ಎದ್ದು ನಿಂತು ಪಂಜ ಬೀಸುತ್ತದೆ. ಬದುಕಿ ಬಂದವರಲ್ಲಿ ಕಣ್ಣು ಹೋದವರು, ಮೂಗು ಹರಿದವರು, ನೆತ್ತಿಯ ಚರ್ಮ ಕಿತ್ತು ಬಂದವರು ಇರುತ್ತಾರೆ. ಹಾಗಾಗಿ ಅದು ಮುಟ್ಟುವ ಹಂತಕ್ಕೆ ಬಂದುಬಿಟ್ಟರೆ ಬೋರಲು ಬೀಳಬೇಕು. ಮುಖ ನೆಲಕ್ಕೆ ಒತ್ತಬೇಕು. ಎರಡೂ ಕೈಬೆರಳು ಹೆಣೆದು ಕುತ್ತಿಗೆಯ ಹಿಂದೆ ಇಟ್ಟು ಮೊಣಕೈಯಿಂದ ಕೆನ್ನೆ ಮುಚ್ಚಿಕೊಳ್ಳಬೇಕು. ಕಾಲು ಸ್ವಲ್ಪ ಅಗಲಿಸಿದರೆ ಅದು ಸುಲಭಕ್ಕೆ ಮಗುಚಿ ಹಾಕಲಾರದು. ಬೆನ್ನಿಗೆ ಬ್ಯಾಗ್ ಇದ್ದರೆ ತೆಗೆಯಬೇಡಿ, ಪೆಟ್ಟು ಅದಕ್ಕೆ ಬೀಳಲಿ. ಉಸಿರು ಹಿಡಿಯುವುದೇನೂ ಬೇಡ. ಕರಡಿ ನಾಡಿ ನೋಡಲು ಬಂದ ಡಾಕ್ಟರಲ್ಲ. ನೀವು ಸತ್ತಿರೋ ಬದುಕಿದ್ದೀರೋ ಅನ್ನುವುದು ಅದಕ್ಕೆ ಬೇಕಾಗಿಲ್ಲ. ನಿಮ್ಮಿಂದ ಅಪಾಯ ಇಲ್ಲ ಅನ್ನಿಸಿದರೆ ಹೆಚ್ಚಿನ ಸಲ ಸ್ವಲ್ಪ ಹೊತ್ತಿಗೇ ಬಿಟ್ಟು ಹೋಗುತ್ತದೆ. ಹೋಯಿತು ಅಂತ ತಕ್ಷಣ ಏಳಬೇಡಿ.

ದೂರದಲ್ಲಿ ಕಂಡರೆ ಈ ಸರ್ಕಸ್ ಯಾವುದೂ ಬೇಡ. ಅದರ ಮೇಲೆ ಗಮನ ಇಟ್ಟು, ಬಂದ ದಾರಿಯಲ್ಲೇ ನಿಧಾನವಾಗಿ ಹಿಂದೆ ಸರಿಯಿರಿ. ಫೋಟೋ ಬೇಡ. ಓಡುವುದಂತೂ ಬೇಡವೇ ಬೇಡ. ಏರಿರಲಿ ಇಳಿಜಾರಿರಲಿ, ಅದು ನಿಮಗಿಂತ ಜೋರಾಗಿ ಓಡುತ್ತದೆ. ಮರವನ್ನು ಜೇನಿಗಾಗಿ, ಹಣ್ಣಿಗಾಗಿ ದಿನಾ ಹತ್ತುತ್ತದೆ. ಶೂ ಹಾಕಿಕೊಂಡು, ಹತ್ತನೇ ಕ್ಲಾಸಿನ ನಂತರ ಮರವನ್ನೇ ಮುಟ್ಟದ ನೀವು ಅದಕ್ಕಿಂತ ಮೊದಲು ಹತ್ತುತ್ತೀರಾ?

ಇನ್ನು ಅಮೆರಿಕದ ವಿಡಿಯೋಗಳ ಕಾಟ. "ಕಂದು ಕರಡಿಯಾದರೆ ಮಲಗು, ಕಪ್ಪು ಕರಡಿಯಾದರೆ ಹೊಡಿ" ಅಂತ ಅಲ್ಲೊಂದು ಮಾತಿದೆ. ನಮ್ಮ ಗುಂಪಿನ ಒಬ್ಬ ಹುಡುಗ ಅದನ್ನು ಕಳಿಸಿ, "ಅಕ್ಕಾರ, ನಮ್ಮದು ಕಪ್ಪಲ್ರಿ? ಬಡಿಗಿ ತರ್ಲೇನ್ರಿ?" ಅಂದಿದ್ದ. ತರಬೇಡಪ್ಪಾ. ಅಲ್ಲಿಯ ಕಪ್ಪು ಕರಡಿ ಬೇರೆ ಜಾತಿ. ಅದು ಸಾಮಾನ್ಯವಾಗಿ ಹೆದರಿ ಓಡುತ್ತದೆ, ಇಲ್ಲವೇ ಮರ ಏರುತ್ತದೆ. ನಮ್ಮದು ಹುಲಿಯ ಜೊತೆ ಬದುಕಿ ಬಂದ ಪ್ರಾಣಿ. ಹುಲಿ ಎದುರಾದರೆ ಓಡಿ ಉಳಿಯುವ ಹಾಗಿಲ್ಲ, ಮರ ಹತ್ತಿದರೆ ಚಿರತೆಯೂ ಹತ್ತುತ್ತದೆ. ನಿಂತು ಎದುರಿಸುವುದೇ ಅದಕ್ಕೆ ಉಳಿದ ದಾರಿ. ತಾಯಿಯ ಬೆನ್ನ ಮೇಲೆ ಮರಿ ಕೂತಿದ್ದರಂತೂ ಕೇಳುವುದೇ ಬೇಡ. ಮರಿಯನ್ನು ಹೀಗೆ ಬೆನ್ನಲ್ಲಿ ಹೊತ್ತು ತಿರುಗುವುದು ಈ ಕರಡಿಯ ರೂಢಿ.

ಮತ್ತೆ ಪ್ರಶ್ನೆಗೇ ಬರುತ್ತೇನೆ. "ಕರಡಿ ಬಂದ್ರ?" ಅಂತೀರಲ್ಲ, ಅದು ಬರುವುದಿಲ್ಲ. ಹೋಗುವವರು ನಾವು. ಅದರ ಮುಖ್ಯ ಊಟ ಗೆದ್ದಲು, ಇರುವೆ, ಹಣ್ಣು, ಜೇನು. ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲು ಇಲ್ಲ. ಆ ಸಂದಿಯಿಂದ ಗೆದ್ದಲನ್ನು ಸೊರ್ ಅಂತ ಎಳೆಯುತ್ತದೆ, ಮೂಗಿಗೆ ಮಣ್ಣು ಹೋಗದ ಹಾಗೆ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ತಲೆ ಹುತ್ತದೊಳಗೆ, ಬಾಯಲ್ಲಿ ಆ ಸದ್ದು. ನಾವು ಹತ್ತಿರ ಬಂದದ್ದು ಅದಕ್ಕೆ ಕೇಳುವುದಿಲ್ಲ. ಕಣ್ಣೂ ಅಷ್ಟೇನೂ ಚುರುಕಲ್ಲ. ತಲೆ ಎತ್ತಿ ನೋಡಿದರೆ ನಾಲ್ಕು ಮಾರು ದೂರದಲ್ಲಿ ನೀವು! ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತಾರಲ್ಲ, ಇಲ್ಲಿ ಅದು ತಿರುಗುಮುರುಗು. ಪೂಜೆ ಕರಡಿಯದು, ನುಗ್ಗಿದವರು ನಾವು.

ಹಾಗಾಗಿ ನನಗೆ ಬೇಕಾದ ಪ್ರಶ್ನೆ ಬೇರೆ. ಇಷ್ಟು ವರ್ಷದಲ್ಲಿ ಒಬ್ಬರೂ ಅದನ್ನು ಕೇಳಿಲ್ಲ. ಬೇಸಿಗೆಯಲ್ಲಿ ಧಾರವಾಡದ ಮಾರ್ಕೆಟ್ಟಿಗೆ ಬುಟ್ಟಿಯಲ್ಲಿ ಕವಳಿಹಣ್ಣು ಬರುತ್ತದೆ, ಆಮೇಲೆ ನೇರಳೆ. ನಾವು ಎಲೆಯ ಪೊಟ್ಟಣದಲ್ಲಿ ಕಟ್ಟಿಸಿಕೊಂಡು, ಚೌಕಾಸಿ ಮಾಡಿ, ಒಂದು ಮುಟಿಗಿ ಜಾಸ್ತಿ ಹಾಕಿಸಿಕೊಂಡು ಬರುತ್ತೇವೆ. ಅದನ್ನು ಕೀಳುವ ಹೆಂಗಸರು ಕರಡಿ ಇರುವ ಕಾಡಿನಲ್ಲೇ, ಕರಡಿಗೂ ಪ್ರೀತಿಯ ಅದೇ ಗಿಡದ ಬುಡದಲ್ಲಿ ನಿಂತು ಕೀಳುತ್ತಾರೆ. ಅವರು ಏನು ಮಾಡುತ್ತಾರೆ? ಹಗುರ ಶೂ, ಹೊಸ ಟಾರ್ಚು, ಹನ್ನೆರಡು ಮಂದಿಯ ಗುಂಪು ಇರುವ ನನ್ನನ್ನು ಕೇಳುವವರು ಕಟ್ಟಿಗೆ ತರುವವರನ್ನು, ದನ ಕಾಯುವವರನ್ನು, ನಸುಕಿನಲ್ಲಿ ಚೆಂಬು ಹಿಡಿದು ಹೋಗುವವರನ್ನು ಯಾಕೆ ಕೇಳುವುದಿಲ್ಲ? ಕರಡಿ ಕಚ್ಚಿತು ಅಂತ ಪೇಪರಿನಲ್ಲಿ ಬರುವುದು ಹೆಚ್ಚಾಗಿ ಅವರ ಸುದ್ದಿ. ಟ್ರೆಕ್ಕಿಂಗ್ ಹೋದವರದಲ್ಲ.

ನಾನು ಕೇಳಿದ್ದೇನೆ. ಹಳಿಯಾಳದ ಕಡೆ ಹಣ್ಣು ಕೀಳುವ ಒಬ್ಬ ಹಿರಿಯಾಕೆ ಹೇಳಿದ್ದಿಷ್ಟು. ಒಬ್ಬರೇ ಹೋಗುವುದಿಲ್ಲ. ಬಿಸಿಲು ನೆಲಕ್ಕೆ ಬೀಳುವ ತನಕ ಕಾಡಿನೊಳಗೆ ಕಾಲಿಡುವುದಿಲ್ಲ. ಬಾಯಿ ಸುಮ್ಮನಿರಬಾರದು. ಪೊದೆಗೆ ಹೋಗುವ ಮೊದಲು ಕುಡುಗೋಲಿನ ಹಿಡಿಯಿಂದ ಮರಕ್ಕೆ ಬಡಿಯಬೇಕು. "ಮಾತಾಡಕೋತ ಹೋಗಬೇಕವಾ. ಅದಕ್ಕ ಗೊತ್ತಾದ್ರ ಅದ ಸರಿತೈತಿ."

ಆಕೆಯೇ ನನಗೊಂದು ಹುತ್ತ ತೋರಿಸಿದರು. ಬುಡದಲ್ಲಿ ಮೊಣಕೈವರೆಗೆ ಕೈ ಹೋಗುವಷ್ಟು ತೂತು. ಒಳಗಿನ ಗೋಡೆ ಮೇಲೆ ಉಗುರಿನ ಗೆರೆ, ಒಂದರ ಪಕ್ಕ ಒಂದು, ನೇಗಿಲ ಸಾಲಿನಷ್ಟು ನೇರ. ಹೊರಗೆ ಎಸೆದ ಕೆಂಪು ಮಣ್ಣು ಹೆಂಟೆ ಹೆಂಟೆಯಾಗಿ ಬಿದ್ದಿತ್ತು. ಆಕೆ ಒಂದು ಹೆಂಟೆ ಎತ್ತಿ ಮುರಿದರು. ಒಳಗೆ ಇನ್ನೂ ಹಸಿ ಇತ್ತು. ತೂತಿನ ಅಂಚಿನಲ್ಲಿ ಗೆದ್ದಲು ಗಡಿಬಿಡಿಯಿಂದ ಓಡಾಡುತ್ತಿದ್ದವು, ರಿಪೇರಿ ಆಗಿನ್ನೂ ಶುರುವಾಗಿತ್ತು. "ರಾತ್ರಿದ್ದು" ಅಂದರು. ಸ್ವಲ್ಪ ಮುಂದೆ ಲದ್ದಿ. ಕೋಲಿನಿಂದ ಕೆದರಿದರೆ ಕಕ್ಕೆಯ ಬೀಜ, ಯಾವುದೋ ಹಣ್ಣಿನ ಸಿಪ್ಪೆ. ಆಕೆ ಸುತ್ತ ಒಂದು ಸಲ ನೋಡಿ, ಮಾತು ಇನ್ನಷ್ಟು ಜೋರು ಮಾಡಿ, ಬೇರೆ ದಾರಿ ಹಿಡಿದರು. ಒಳ್ಳೆಯ ಹಣ್ಣಿದ್ದ ಗಿಡ ಆ ಕಡೆಯೇ ಇತ್ತು. ಬಿಟ್ಟುಬಿಟ್ಟರು.

ಟೆಂಟ್ ಹಾಕುವವರಿಗೆ ಎರಡು ಮಾತು. ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವ ಹಾಗಿಲ್ಲ. ಕಪ್ಪತಗುಡ್ಡವೂ 2019ರಿಂದ ವನ್ಯಜೀವಿ ಧಾಮ. "ಯಾರಿಗೂ ಗೊತ್ತಾಗಲ್ಲ ಬಿಡ್ರಿ" ಅನ್ನುವವರು ನನ್ನ ಜೊತೆ ಬರಬೇಡಿ. ಕಾಡಿನಲ್ಲೇ ಮಲಗಬೇಕು ಅನ್ನುವ ಆಸೆ ಇದ್ದರೆ ದಾಂಡೇಲಿ ಹತ್ತಿರ ಕುಳಗಿಯಲ್ಲಿ ಇಲಾಖೆಯದೇ ಕ್ಯಾಂಪ್ ಇದೆ. ಅಮೆರಿಕದಲ್ಲಿ ಊಟವನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಟೆಂಟಿನಿಂದ ದೂರ ಇಡುತ್ತಾರೆ. ಅಲ್ಲಿಯ ಕರಡಿಗೆ ಮನುಷ್ಯರ ತಿಂಡಿಯ ರುಚಿ ಹತ್ತಿದೆ. ನಮ್ಮದಕ್ಕೆ ಯಾಕೆ ಹತ್ತಿಸಬೇಕು? ಉಳಿದ ಅನ್ನ, ಬಾಳೆಹಣ್ಣಿನ ಸಿಪ್ಪೆ ಎಲ್ಲ ಕಟ್ಟಿಕೊಂಡು ಊರಿಗೆ ತನ್ನಿ. ಬಂಡೆಯ ಸಂದಿ, ಗವಿ ಕಂಡರೆ "ಎಷ್ಟ ತಂಪೈತಿ" ಅಂತ ಒಳಗೆ ಹೋಗಬೇಡಿ. ಹಗಲು ಅದು ಮಲಗುವುದು ಅಂಥ ತಂಪಿನಲ್ಲೇ. ಮನೆಯ ನಾಯಿಯನ್ನೂ ತರಬೇಡಿ. ನಾಯಿ ಬೊಗಳಿ ಕೆಣಕುತ್ತದೆ, ಆಮೇಲೆ ಹೆದರಿ ನಿಮ್ಮ ಕಾಲಿಗೇ ಓಡಿ ಬರುತ್ತದೆ, ಅದರ ಹಿಂದೆ ಕರಡಿ.

ಕರಡಿ ನೋಡಲೇಬೇಕು ಅನ್ನುವವರು ದರೋಜಿಗೆ ಹೋಗಿ. ಹಂಪಿ ಹತ್ತಿರ, 1994ರಲ್ಲಿ ಕರಡಿಗಳಿಗಾಗಿಯೇ ಮಾಡಿದ ಧಾಮ. ಸಂಜೆಯ ಹೊತ್ತು ಗೋಪುರದ ಮೇಲೆ ಕೂತರೆ ಗುಡ್ಡದಿಂದ ಇಳಿದು ಬರುವುದು ಕಾಣುತ್ತದೆ. ನಮ್ಮ ಮಾಮಾನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಇದೆ. ಉಗುರು ದುರ್ಬೀನಿನಲ್ಲಿ ನೋಡಲಿ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದೇ ಇಲ್ಲ. ಪೆಟ್ಟಾದ ಮೇಲೆ ಏನು? ರಕ್ತ ಬರುವ ಕಡೆ ಶುಭ್ರವಾದ ಬಟ್ಟೆ ಒತ್ತಿ ಹಿಡಿದು ದೊಡ್ಡ ಆಸ್ಪತ್ರೆಗೆ ಓಡಿ. ಅರಿಶಿಣ, ಸುಣ್ಣ ಏನೂ ಬೇಡ. ಹೊಲಿಗೆ ಹಾಕಿದರು, ಮುಗಿಯಿತು ಅಂತ ಮನೆಗೆ ಬರಬೇಡಿ. ನಾಯಿ ಕಡಿದರೆ ಹಾಕಿಸುವ ರೇಬೀಸ್ ಇಂಜೆಕ್ಷನ್ ಕಾಡುಪ್ರಾಣಿ ಕಚ್ಚಿದರೂ ಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಸೀರಮ್ಮೂ ಬೇಕು. ಅರಣ್ಯ ಇಲಾಖೆಗೆ ಅವತ್ತೇ ತಿಳಿಸಿ, ಪರಿಹಾರ ಸಿಗುವುದು ಅವರ ಮೂಲಕವೇ.

ಮುಂದಿನ ನಡಿಗೆ ಕಲಘಟಗಿ ಕಡೆ. ಬೆಳಿಗ್ಗೆ ಎಂಟರ ಮೇಲೆ ಕಾಡಿನೊಳಗೆ ಹೋಗುತ್ತೇವೆ, ಹೊತ್ತು ಮುಳುಗುವ ಮೊದಲೇ ರಸ್ತೆಗೆ ಬರುತ್ತೇವೆ. ನಸುಕಿನ ನಾಲ್ಕಕ್ಕೆ ಹೊರಟು ಸೂರ್ಯೋದಯದ ಫೋಟೋ ತೆಗೆಯಬೇಕು ಅನ್ನುವವರು ಬೇರೆ ಗುಂಪು ಹುಡುಕಿಕೊಳ್ಳಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಡೆಯುವವರೂ ಬೇಡ. ಬಾಯಿ ಬಡುಕರು ಎಷ್ಟು ಜನ ಇದ್ದರೂ ಬನ್ನಿ.